ಬರ್ಫ ಕಟ್ಟದ ಮಧ್ಯಾಹ್ನ

ಮೇ ತಿಂಗಳ ರಾಯಚೂರು. ಎರಡು ಗಂಟೆಯ ಹೊತ್ತಿಗೆ ಓಣಿಯ ಹಾಸುಗಲ್ಲಿನ ಕಾವು ಚಪ್ಪಲಿಯನ್ನೂ ದಾಟಿ ಅಂಗಾಲಿಗೆ ತಾಕುತ್ತದೆ. ಬೇವಿನ ಮರದಡಿ ಬಿದ್ದುಕೊಂಡ ನಾಯಿಗಳಿಗೆ ಮಗ್ಗುಲು ಬದಲಿಸಲೂ ಬೇಸರ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಈ ಊರು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿತೆಂದರೆ ಇಲ್ಲಿ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಶರಬತ್ತಿನ ಗಾಡಿಯವನು ಗೋಣಿತಟ್ಟು ಸರಿಸಿ ಬರ್ಫದ ಗಡ್ಡೆಯನ್ನು ಕುಟ್ಟುವ ಸದ್ದು ಮಾತ್ರ ಓಣಿಯ ತುದಿಯಿಂದ ಕೇಳುತ್ತಿದೆ.

ಹಳೆಯ ಬೈಕೊಂದು ಬಂದು ನಿಂತಿತು. ಹ್ಯಾಂಡಲ್ಲಿಗೆ ಕ್ಯಾನ್ವಾಸ್ ಚೀಲ, ಚೀಲದ ಬಾಯಿಂದ ಇಣುಕುವ ತಾಮ್ರದ ಸಣ್ಣ ಕೊಳವೆ. ಫ್ರಿಜ್ ರಿಪೇರಿಯವರು. ಬನ್ನಿ, ಚಪ್ಪಲಿ ಹೊರಗೆ ಬಿಟ್ಟು ನಾವೂ ಅವರ ಹಿಂದೆ ಹೋಗೋಣ.

ಅಡುಗೆಮನೆಯ ಮೂಲೆಯಲ್ಲಿ ಒಂಟಿ ಬಾಗಿಲಿನ ಕೆಂಪು ಫ್ರಿಜ್ಜು. ತಲೆಯ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಸ್ಟೆಬಿಲೈಸರ್, ಲಗ್ನಪತ್ರಿಕೆಗಳ ಕಟ್ಟು, ಬಿ.ಪಿ. ಮಾತ್ರೆ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈಗಳು. ಬಲಕ್ಕೆ ಗೋಡೆ. ಎಡಕ್ಕೆ, ಫ್ರಿಜ್ಜಿಗೆ ಮೈತಾಗಿಸಿ ಒಂದರ ಮೇಲೊಂದು ಪೇರಿಸಿದ ಸೋನಾ ಮಸೂರಿ ಚೀಲಗಳು. ಒಗ್ಗರಣೆಯ ಘಾಟು ಇನ್ನೂ ಗಾಳಿಯಲ್ಲಿದೆ.

“ಬರ್ಫ ಆಗವಲ್ದು ನೋಡ್ ತಮ್ಮಾ. ಮ್ಯಾಲ ಪದರು ಕಟ್ಟತೈತಿ, ಒಳಗ ಬರೇ ನೀರು,” ಎನ್ನುತ್ತ ಮನೆಯಾಕೆ ಟ್ರೇಯನ್ನು ತೆಗೆದು ತೋರಿಸಿದರು. ಬೆರಳು ಒತ್ತಿದರೆ ತೆಳ್ಳನೆಯ ಗಾಜಿನಂಥ ಪದರು ಚಿಟಿಲೆಂದು ಒಡೆದು ಕೆಳಗಿನ ನೀರು ಉಕ್ಕುತ್ತದೆ. “ಮೊನ್ನೆ ಒಬ್ಬಾಂವ ಬಂದು ಗ್ಯಾಸ್ ಹೋಗೈತಿ ಅಂದ. ಎರಡೂವರೆ ಸಾವಿರ ಆಗತೈತಂತ.”

“ಇರಲಿ ಅಕ್ಕಾರ, ನೋಡೂಣು. ಮೊದಲು ಆ ಫ್ಯಾನ್ ಬಂದ್ ಮಾಡ್ರಿ.”

ಫ್ಯಾನು ನಿಂತಿತು. ಅವರು ಬಾಗಿಲು ತೆರೆಯಲಿಲ್ಲ, ಚೀಲವನ್ನೂ ಬಿಚ್ಚಲಿಲ್ಲ. ಫ್ರಿಜ್ಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಿವಿಗೊಟ್ಟರು. ಕೆಳಗೆ ಕಂಪ್ರೆಸರಿನ ಗುಂಯ್ ಗುಂಯ್. ಸ್ವಲ್ಪ ಹೊತ್ತಿಗೆ ‘ಟಕ್’ ಎಂದು ಅದು ನಿಂತಿತು. ಒಂದಿಷ್ಟು ನಿಮಿಷ ಬಿಟ್ಟು ಮತ್ತೆ ಏಳಲು ಹೆಣಗಿ, ಮತ್ತೆ ‘ಟಕ್’. ಅವರ ಹುಬ್ಬು ಮೇಲೇರಿತು. ಮೀಟರಿನ ಎರಡು ಕಡ್ಡಿಗಳನ್ನು ಸಾಕೆಟ್ಟಿಗೆ ತಾಗಿಸಿದರೆ ಅಂಕಿ 170ರ ಆಸುಪಾಸು ಓಲಾಡುತ್ತಿದೆ. ಇರಬೇಕಾದ್ದು 230 ವೋಲ್ಟ್. ಊರಿನ ಮಗ್ಗುಲಲ್ಲೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಹೊಗೆಯುಗುಳುತ್ತಿದ್ದರೂ ಮಧ್ಯಾಹ್ನದ ಹೊತ್ತು ಈ ಓಣಿಯ ಪಾಲಿಗೆ ಬರುವುದು ಇಷ್ಟೇ. ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಸುಟ್ಟುಹೋಗದಿರಲೆಂದು ಅದರ ಬೆನ್ನಿಗಿರುವ ಪುಟ್ಟ ಓವರ್‌ಲೋಡ್ ಸ್ವಿಚ್ಚು ಸಂಪರ್ಕ ಕಡಿಯುತ್ತದೆ. ನಾವು ಕೇಳಿದ ‘ಟಕ್’ ಅದರದ್ದೇ. ಹಾಗಾದರೆ ಮೇಲಿರುವ ಸ್ಟೆಬಿಲೈಸರ್ ಏನು ಮಾಡುತ್ತಿದೆ? ಏನೂ ಇಲ್ಲ. ಗುಯ್‌ಗುಟ್ಟುತ್ತದೆಂದು ಮನೆಯವರು ಫ್ರಿಜ್ಜಿನ ಪ್ಲಗ್ಗನ್ನು ನೇರ ಗೋಡೆಗೇ ಸಿಕ್ಕಿಸಿದ್ದಾರೆ. ಪೆಟ್ಟಿಗೆಯ ಕೆಂಪು ದೀಪ ಮಾತ್ರ ನಿಷ್ಠೆಯಿಂದ ಉರಿಯುತ್ತಿದೆ.

ಆಮೇಲೆ ಅವರು ಅಕ್ಕಿ ಚೀಲಗಳನ್ನು ಎಳೆದು ಬದಿಗಿಟ್ಟು, ಫ್ರಿಜ್ಜಿನ ಎಡ ಮೈಗೆ ಅಂಗೈ ಒತ್ತಿದರು. ಕೂಡಲೇ ಹಿಂದೆಗೆದರು. ಅಷ್ಟು ಸುಡುತ್ತಿತ್ತು. ಆದರೆ ಮುಖ ಅರಳಿತು.

“ಬಿಸಿ ಐತಿ ಅಂದ್ರ ಗ್ಯಾಸ್ ಐತಿ, ಅಕ್ಕಾರ.”

ಹಳೆಯ ಫ್ರಿಜ್ಜುಗಳ ಬೆನ್ನಿಗೆ ಕಪ್ಪು ಜಾಲರಿ ಕಾಣುತ್ತಿತ್ತು. ಈಗ ಎಷ್ಟೋ ಫ್ರಿಜ್ಜುಗಳಲ್ಲಿ ಆ ಕೊಳವೆಯ ಸುರುಳಿ ಎರಡೂ ಬದಿಯ ತಗಡಿನ ಒಳಗೆ ಅಡಗಿರುತ್ತದೆ. ಒಳಗಿನ ಹಾಲು, ಮೊಸರು, ನೀರಿನ ಟ್ರೇಗಳಿಂದ ಗ್ಯಾಸು ಹೀರಿಕೊಂಡು ಬಂದ ಶಾಖವೆಲ್ಲ ಅಡುಗೆಮನೆಗೆ ಇಳಿದುಹೋಗುವುದು ಅಲ್ಲಿಂದಲೇ. ಫ್ರಿಜ್ಜು ತಂಪನ್ನು ತಯಾರಿಸುತ್ತದೆಂದು ನಾವು ತಿಳಿದಿರುತ್ತೇವೆ. ಅದು ಮಾಡುವುದು ಶಾಖ ಹೊರುವ ಹಮಾಲಿ. ಹಮಾಲನ ದಾರಿಗೆ ಅಕ್ಕಿ ಚೀಲ ಅಡ್ಡ ಪೇರಿಸಿದರೆ ಹೊರೆ ಇಳಿಸುವುದೆಲ್ಲಿ? ಅದಕ್ಕೇ ಇರಬೇಕು, ಈ ಮನುಷ್ಯ ತಣ್ಣಗಿರುವ ಕಡೆಗಿಂತ ಬಿಸಿಯಾಗಿರುವ ಕಡೆಯೇ ಹೆಚ್ಚು ಹೊತ್ತು ಕಳೆಯುತ್ತಾರೆ.

ಈಗ ಬಾಗಿಲು. ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು, ಅಂಚಿಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯುತ್ತ ಬಂದರು. ಮೇಲೆ ಬಿಗಿ, ನಡುವೆ ಬಿಗಿ. ಕೆಳಗಿನ ಮೂಲೆಯಲ್ಲಿ ನೋಟು ಸಲೀಸಾಗಿ ಜಾರಿ ಬಂತು. ಅಲ್ಲಿ ರಬ್ಬರು ಒಳಗೆ ಮುದುಡಿದೆ. ಅದರ ಹೊಟ್ಟೆಯಲ್ಲಿರುವ ಅಯಸ್ಕಾಂತದ ಪಟ್ಟಿಗೆ ತಗಡು ಸಿಗುತ್ತಿಲ್ಲ. ಹೊರಗಿನ ಬಿಸಿಗಾಳಿ ಆ ಸಂದಿಯಿಂದ ನುಸುಳಿ, ತನ್ನ ತೇವವನ್ನೆಲ್ಲ ಫ್ರೀಜರಿನ ಗೋಡೆಗೆ ಹಿಮವಾಗಿ ಮೆತ್ತಿದೆ, ಬೆರಳು ದಪ್ಪ. ತಂತಿಯ ತುದಿಯ ಥರ್ಮಾಮೀಟರನ್ನು ಫ್ರೀಜರಿನೊಳಗಿಟ್ಟು ನೋಡಿದರೆ ಮೈನಸ್ 3. ಸೊನ್ನೆಗಿಂತ ಹತ್ತು–ಹದಿನೈದು ಡಿಗ್ರಿ ಕೆಳಗಿಳಿಯಬೇಕಾದ ಜಾಗ. ಹಿಮ ತಾನು ತಣ್ಣಗಿದ್ದರೂ ಶಾಖ ದಾಟಲು ಬಿಡದ ಕಂಬಳಿಯೂ ಹೌದು ಎಂಬುದನ್ನು ನಾವು ಮರೆಯುತ್ತೇವೆ.

ಮೈನಸ್ 3ರಲ್ಲೂ ನೀರು ಗಟ್ಟಿಯಾಗಬೇಕಲ್ಲ ಎನ್ನಿಸಬಹುದು. ಆಗುತ್ತದೆ, ಆದರೆ ತೆವಳುತ್ತ. ಒಂದು ಗ್ರಾಂ ನೀರನ್ನು 40 ಡಿಗ್ರಿಯಿಂದ ಸೊನ್ನೆಗೆ ಇಳಿಸಲು 40 ಕ್ಯಾಲರಿ ಶಾಖ ತೆಗೆದರೆ ಸಾಕು. ಸೊನ್ನೆಯಲ್ಲಿರುವ ಅದೇ ನೀರು ಬರ್ಫವಾಗಲು ಇನ್ನೂ 80 ಕ್ಯಾಲರಿ ಬಿಟ್ಟುಕೊಡಬೇಕು. ಮುಟ್ಟಿದರೆ ಮಂಜಿನಷ್ಟು ತಣ್ಣಗಿದ್ದೂ ನೀರು ನೀರಾಗಿಯೇ ಉಳಿಯುವುದು ಈ ಘಟ್ಟದಲ್ಲೇ.

ಪ್ಲಗ್ಗು ಕಿತ್ತರು. ಮನೆಯಾಕೆ ಚಾಕು ಹಿಡಿದು ಬಂದದ್ದೇ ತಡ, ಮೊದಲ ಬಾರಿಗೆ ಅವರ ದನಿ ಏರಿತು. “ಚಾಕು ಬ್ಯಾಡ್ರಿ, ಅಕ್ಕಾರ! ಅದು ತೆಳ್ಳನ ಅಲ್ಯುಮಿನಿಯಂ. ಒಂದು ತೂತು ಬಿತ್ತಂದ್ರ ಆವಾಗ ಖರೇನ ಗ್ಯಾಸ್ ಹೋಗತೈತಿ.” ಒಳಗಿರುವ ಗ್ಯಾಸಾದರೂ ಎಷ್ಟು? ಈಗಿನ ಎಷ್ಟೋ ಫ್ರಿಜ್ಜುಗಳ ಕಂಪ್ರೆಸರಿನ ಮೇಲೆ ಆರ್-600ಎ ಎಂದು ಬರೆದಿರುತ್ತದೆ: ಐಸೊಬ್ಯುಟೇನ್, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು, ಒಂದು ಫ್ರಿಜ್ಜಿಗೆ ಹತ್ತಾರು ಗ್ರಾಂ ಅಷ್ಟೇ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ, ಉಪಯೋಗಿಸಿದಂತೆ ಖರ್ಚಾಗುವುದಿಲ್ಲ. ಹೋಗಿದೆ ಎಂದರೆ ಎಲ್ಲೋ ಸೋರಿರಬೇಕು, ಆ ಜಾಗ ಹುಡುಕಿ ಮುಚ್ಚಬೇಕು. ಸೋರಿದ್ದೆಲ್ಲಿ ಎಂದು ತೋರಿಸದೆ ‘ಗ್ಯಾಸ್ ತುಂಬಿಸಬೇಕು’ ಎನ್ನುವವರನ್ನು ನಂಬಬಾರದೆಂಬುದು ನನ್ನ ಅಭಿಪ್ರಾಯ.

ಹಿಮ ಕರಗಿ ತಟ್ಟೆಗೆ ತೊಟ್ಟಿಕ್ಕುತ್ತಿದೆ. ಮಜ್ಜಿಗೆ ಬಂತು, ಬರ್ಫ ಇಲ್ಲದ್ದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುದುಡಿದ ರಬ್ಬರಿಗೆ ಒತ್ತಿ ಹಿಡಿದುಕೊಂಡೇ ಅವರು ಬೆಳಿಗ್ಗೆ ಹೋಗಿದ್ದ ಇನ್ನೊಂದು ಮನೆಯ ಸುದ್ದಿ ತೆಗೆದರು. ಅಲ್ಲಿ ತಾನೇ ನೀರು ತುಂಬಿಕೊಂಡು ತಾನೇ ಬರ್ಫ ಉದುರಿಸುವ ದೊಡ್ಡ ಫ್ರಿಜ್ಜಂತೆ. ಉದುರುವ ತುಂಡುಗಳು ಮಾತ್ರ ಪೊಳ್ಳು, ಕಿರಿದು. ಬೋರಿನ ಗಡಸು ನೀರು ಫಿಲ್ಟರಿನಲ್ಲಿ ಸುಣ್ಣ ಕಟ್ಟಿ, ಟ್ರೇಗೆ ಅರ್ಧವೇ ನೀರು ಬೀಳುತ್ತಿತ್ತು. “ಮಷೀನ್ ಶಾಣ್ಯಾ ಇತ್ರೀ, ನೀರಿಗೇ ದಾರಿ ಇರಲಿಲ್ಲ.”

ಹೊರಗಿನ ಗಾಡಿಯವನ ಬರ್ಫಕ್ಕೂ ದೊಡ್ಡ ಇತಿಹಾಸವಿದೆ. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ‘ಟಸ್ಕನಿ’ ಎಂಬ ಹಡಗು ಅಮೆರಿಕದ ಕೆರೆಗಳ ಬರ್ಫವನ್ನು ತಿಂಗಳುಗಟ್ಟಲೆ ಕಡಲಲ್ಲಿ ಸಾಗಿಸಿ ಕಲ್ಕತ್ತೆ ಮುಟ್ಟಿಸಿತ್ತು. ಸಾಕಷ್ಟು ಕರಗಿತು, ಆದರೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮದರಾಸಿನ ಕಡಲ ದಂಡೆಯಲ್ಲಿ ಅಂಥ ಬರ್ಫ ಕಾಯ್ದಿಡಲು ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಅದು ವೋಲ್ಟೇಜಿನ ಗೊಡವೆಯಿಲ್ಲದ ಕಾಲ.

ಹಿಮವೆಲ್ಲ ಇಳಿದ ಮೇಲೆ ಒಳಗೋಡೆ ಒರೆಸಿ, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಪ್ಲಗ್ಗನ್ನು ಸ್ಟೆಬಿಲೈಸರಿಗೆ ಸಿಕ್ಕಿಸಿದರು. ಕಾಯುವ ನಿಮಿಷಗಳು ಮುಗಿದು ಕಂಪ್ರೆಸರ್ ಎದ್ದಿತು. ಈ ಸಲ ‘ಟಕ್’ ಇಲ್ಲ. ಫ್ರೀಜರಿನ ಕಡೆಯಿಂದ ಸಣ್ಣಗೆ ಸುಂಯ್ ಎಂಬ ಸದ್ದು. ಒಳಗಂಡಿ ಒಂದು ಮಿಲಿಮೀಟರೂ ಇಲ್ಲದ ಕ್ಯಾಪಿಲರಿ ಕೊಳವೆಯಿಂದ ಗ್ಯಾಸು ಚಿಮ್ಮುತ್ತಿದೆ. ಟಾರ್ಚು ಬಿಟ್ಟು ನೋಡಿದರು. ಮಸುಕು ಬಿಳುಪು ನಾಲ್ಕೂ ಗೋಡೆಗೆ ಒಂದೇ ಸಮ ಹರಡುತ್ತಿತ್ತು. ಒಂದೇ ಮೂಲೆಯಲ್ಲಿ ಬಿಳುಪಾಗಿ ಉಳಿದದ್ದು ಬರಿದಾಗಿದ್ದರೆ ಗ್ಯಾಸು ಕಡಿಮೆ ಎಂದು ಅವರೂ ಒಪ್ಪುತ್ತಿದ್ದರು. ಟ್ರೇಯ ಅಡಿಗೆ ಒಂದಿಷ್ಟು ನೀರು ಚಿಮುಕಿಸಿ ಇಟ್ಟರು. ಆ ನೀರು ಹೆಪ್ಪುಗಟ್ಟಿದರೆ ಟ್ರೇ ತಳಕ್ಕೆ ಅಂಟಿ ಕೂರುತ್ತದೆ, ಶಾಖ ಬೇಗ ಇಳಿಯುತ್ತದೆ.

“ಮುಂಜಾನಿ ತನಕ ಒಳಗಿನ ಫ್ರೀಜರ್ ಬಾಗಲಾ ತಗೀಬ್ಯಾಡ್ರಿ. ಬೆರಳ ದಪ್ಪ ಹಿಮ ಆಗೂ ಮಟ ಬಿಡಬ್ಯಾಡ್ರಿ. ಅಕ್ಕಿ ಚೀಲ ಮಾತ್ರ ಬ್ಯಾರೆ ಕಡೆ.”

“ಬ್ಯಾರೆ ಎಲ್ಲೈತಿ ಜಾಗ?” ಎಂದರು ಮನೆಯಾಕೆ. ಹಣದ ಮಾತು ಬಂದಾಗ ಇನ್ನೊಂದು ತಕರಾರು. “ಸಾಮಾನೇನೂ ಹಾಕಲಿಲ್ಲಲ್ಲ ತಮ್ಮಾ, ಮುನ್ನೂರು ಯಾಕ?”

“ಸಾಮಾನು ಹಾಕಿದ್ರ ಎರಡೂವರೆ ಸಾವಿರ ಆಗ್ತಿತ್ರೀ,” ಎನ್ನುತ್ತ ಅವರು ಮೀಟರಿನ ತಂತಿ ಸುತ್ತಿದರು. ಕೊನೆಗೆ ಇನ್ನೂರೈವತ್ತಕ್ಕೆ ಮಾತು ಮುಗಿಯಿತು. ಗಾಂಧೀಜಿಯ ಚಿತ್ರವಿರುವ ಆ ಹತ್ತು ರೂಪಾಯಿಯ ನೋಟನ್ನು ಫ್ರಿಜ್ಜಿನ ಮೇಲೆಯೇ ಮರೆತದ್ದು ನೆನಪಾಗಿ, ಬೈಕ್ ಸ್ಟಾರ್ಟ್ ಮಾಡಿದವರು ಆಫ್ ಮಾಡಿ ಒಳಗೆ ಬಂದು ತೆಗೆದುಕೊಂಡು ಹೋದರು.