ಒಂಬತ್ತನೆಯ ವರ್ಷದ ಪ್ರಶ್ನೆ: ಕಂಪನಿಯ ಹಳೆ ಕಾಗದಗಳನ್ನು ಉಳಿಸುವುದು ಹೇಗೆ?

ಕಂಪನಿಯೊಂದು ತನ್ನ ಲೆಕ್ಕದ ಪುಸ್ತಕಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು? 2013ರ ಕಂಪನಿ ಕಾಯ್ದೆಯ 128ನೇ ಕಲಮು ಕನಿಷ್ಠ ಎಂಟು ಹಣಕಾಸು ವರ್ಷ ಎನ್ನುತ್ತದೆ. ಸದಸ್ಯರ ರಿಜಿಸ್ಟರು, ಸರ್ವಸದಸ್ಯರ ಸಭೆಯ ನಡಾವಳಿ ಪುಸ್ತಕದಂಥ ಕೆಲವನ್ನು ಮಾತ್ರ ಶಾಶ್ವತವಾಗಿ ಕಾಪಾಡಬೇಕು. ಉಳಿದ ಕಿರ್ದಿ, ಖಾತಾವಣಿ, ವೋಚರು, ಪತ್ರವ್ಯವಹಾರಗಳಿಗೆ ಒಂಬತ್ತನೆಯ ವರ್ಷದಿಂದ ಹೇಳುವವರು ಕೇಳುವವರು ಇರುವುದಿಲ್ಲ. ಗೋದಾಮಿನಲ್ಲಿ ಜಾಗ ಸಾಲದಾಗುತ್ತದೆ, ರದ್ದಿಯವನು ತಕ್ಕಡಿ ಹಿಡಿದು ಬರುತ್ತಾನೆ. ಕಂಪನಿಗೆ ಕಾಗದದ ಉಪಯೋಗ ಮುಗಿಯುವುದೂ ಇತಿಹಾಸಕ್ಕೆ ಅದರ ಉಪಯೋಗ ಶುರುವಾಗುವುದೂ ಇದೇ ಹೊತ್ತಿನಲ್ಲಿ. ವ್ಯವಹಾರ ಪತ್ರಾಗಾರದ ಕೆಲಸವೆಲ್ಲ ಈ ಹೊತ್ತಿನಲ್ಲಿ ಯಾರು ಏನು ತೀರ್ಮಾನಿಸುತ್ತಾರೆ ಎಂಬುದರ ಮೇಲೆ ನಿಂತಿದೆ.

ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 1931ರ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿದವು. ವಿಲೀನದಲ್ಲಿ ಠೇವಣಿ, ಸಾಲ, ಸಿಬ್ಬಂದಿ ಎಲ್ಲದಕ್ಕೂ ಪಟ್ಟಿ ತಯಾರಾಗುತ್ತದೆ. ಅದೇ ಪಟ್ಟಿಯಲ್ಲಿ ಹಳೆಯ ಕಡತಗಳಿಗೂ ಒಂದು ಸಾಲು ಇರಬೇಕು.

ಕಾಗದದಲ್ಲಿ ಏನಿದೆ?

ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯನ್ನೇ ನೋಡಿ. 1928ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಏಜೆಂಟರು ಮನೆ, ಅಂಗಡಿಗಳಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂಥ ಸಂಗ್ರಹ ಪುಸ್ತಕ ಬ್ಯಾಂಕಿಗೆ ಲೆಕ್ಕ ಮಾತ್ರ. ಸಂಶೋಧಕರು ಅದರಲ್ಲಿ ಮಳೆಗಾಲದಲ್ಲಿ ಯಾರ ಉಳಿತಾಯ ನಿಲ್ಲುತ್ತಿತ್ತು, ಹೆಂಗಸರ ಹೆಸರಿನ ಖಾತೆಗಳು ಯಾವಾಗ ಹೆಚ್ಚಿದವು ಎಂದು ಹುಡುಕಬಲ್ಲರು. ಗಿರಣಿಯ ಬಟವಾಡೆ ಪುಸ್ತಕದಲ್ಲಿ ಕೂಲಿಯ ಏರಿಳಿತ ಸಿಗುತ್ತದೆ, ಅಡಿಕೆ ಮಂಡಿಯ ಖಾತಾವಣಿಯಲ್ಲಿ ರೈತನ ಸಾಲದ ಸುತ್ತು. ಸರ್ಕಾರಿ ದಾಖಲೆ ಆಳುವವರ ಕಣ್ಣಿನಿಂದ ನೋಡಿದ್ದನ್ನು ಹೇಳುತ್ತದೆ. ದುಡಿಮೆ, ಬೆಲೆ, ರುಚಿ, ಪೈಪೋಟಿಗಳ ಕಥೆಗೆ ವ್ಯಾಪಾರದ ಕಾಗದವೇ ಬೇಕು. ಅಮಿಯ ಕುಮಾರ್ ಬಾಗ್ಚಿ ಭಾರತೀಯ ಸ್ಟೇಟ್ ಬ್ಯಾಂಕಿನ ವಿಸ್ತಾರವಾದ ಇತಿಹಾಸ ಬರೆಯಲು ಸಾಧ್ಯವಾದದ್ದು ಹಿಂದಿನ ಪ್ರೆಸಿಡೆನ್ಸಿ ಬ್ಯಾಂಕುಗಳ ದಾಖಲೆ ಉಳಿದಿದ್ದರಿಂದ.

ಮೊದಲ ಹೆಜ್ಜೆ: ಎಲ್ಲಿದೆ, ಯಾರದು?

ಕೆಲಸ ಶುರುವಾಗುವುದು ಸಮೀಕ್ಷೆಯಿಂದ. ಕಂಪನಿ ಸೆಕ್ರೆಟರಿಯ ಬೀರು, ಕಾರ್ಖಾನೆಯ ಸ್ಟೋರು, ಮಾರ್ಕೆಟಿಂಗ್ ವಿಭಾಗದ ಅಟ್ಟ, ನಿವೃತ್ತ ಮ್ಯಾನೇಜರರ ಮನೆ, ಎಲ್ಲ ಕಡೆ ಹೋಗಿ ಏನಿದೆ, ಯಾವ ವರ್ಷದ್ದು, ಎಷ್ಟು ಅಡಿ ಕಪಾಟು ಹಿಡಿದಿದೆ, ಸ್ಥಿತಿ ಹೇಗಿದೆ ಎಂದು ಬರೆದುಕೊಳ್ಳಬೇಕು. ಈ ಹಂತದಲ್ಲಿ ಯಾವುದನ್ನೂ ಕದಲಿಸಬಾರದು.

ಜೊತೆಗೆ ಕಾನೂನು ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರದ ಉದ್ಯಮಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ದಾಖಲೆ ಅಧಿಕಾರಿಯೊಬ್ಬರು ಇರಬೇಕು, ನಿಯಮ ಮೀರಿ ಕಡತ ನಾಶ ಮಾಡುವಂತಿಲ್ಲ. ಖಾಸಗಿ ಕಂಪನಿಗೆ ಆ ಕಟ್ಟು ಇಲ್ಲ. ಆದ್ದರಿಂದ ಆಡಳಿತ ಮಂಡಳಿಯೇ ಒಂದು ನಿರ್ಣಯ ಮಾಡಿ, ಪತ್ರಾಗಾರದವರ ಸಹಿಯಿಲ್ಲದೆ ಹಳೆಯ ಕಾಗದ ಹೊರಹೋಗಕೂಡದು ಎಂದು ಹೇಳಬೇಕು.

ಯಾವುದನ್ನು ಇಡುವುದು, ಯಾವುದನ್ನು ಬಿಡುವುದು?

ಎಲ್ಲವನ್ನೂ ಇಡಲು ಹೊರಟರೆ ಯಾವುದೂ ಉಳಿಯುವುದಿಲ್ಲ. ಸಭೆಯ ನಡಾವಳಿ, ವಾರ್ಷಿಕ ವರದಿ, ಮುಖ್ಯ ಖಾತಾವಣಿ, ಮುಖ್ಯಸ್ಥರ ಪತ್ರವ್ಯವಹಾರ, ಕಟ್ಟಡದ ಮತ್ತು ಯಂತ್ರಗಳ ನಕ್ಷೆ, ಕಾರ್ಮಿಕ ಸಂಘದ ಜತೆಗಿನ ಒಪ್ಪಂದ, ಲೇಬಲ್ಲು, ಜಾಹೀರಾತು, ಫೋಟೋ, ಇವು ಕಡ್ಡಾಯ. ಗ್ರಾಹಕರ ದೂರಿನ ಪತ್ರಗಳನ್ನು ಎಸೆಯುವವರೇ ಹೆಚ್ಚು, ಆದರೆ ವಸ್ತುವನ್ನು ಜನ ಹೇಗೆ ಬಳಸಿದರು ಎಂಬುದು ಗೊತ್ತಾಗುವುದು ಅಲ್ಲೇ. ರಾಶಿಗಟ್ಟಲೆ ಇರುವ ವೋಚರು, ರಸೀದಿಗಳಿಗೆ ಮಾದರಿ ಆಯ್ಕೆ ಸಾಕು: ಐದು ವರ್ಷಕ್ಕೊಮ್ಮೆ ಒಂದು ತಿಂಗಳದ್ದು, ಅಥವಾ ಒಂದು ಶಾಖೆಯದ್ದು ಪೂರ್ತಿ. ಬಿಟ್ಟದ್ದರ ಪಟ್ಟಿಯನ್ನೂ ಕಾರಣ ಸಹಿತ ಇಡಬೇಕು. ಮುಂದೆ ಬರುವ ಸಂಶೋಧಕರಿಗೆ ಏನಿಲ್ಲ, ಯಾಕಿಲ್ಲ ಎಂಬುದೂ ಮಾಹಿತಿಯೇ.

ಜೋಡಿಸುವಾಗ ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ವಿಷಯವಾರು ವಿಂಗಡಣೆ. ಪತ್ರಾಗಾರ ಗ್ರಂಥಾಲಯವಲ್ಲ. ಕಚೇರಿ ಯಾವ ಕ್ರಮದಲ್ಲಿ ಕಡತ ಇಟ್ಟುಕೊಂಡಿತ್ತೋ ಅದೇ ಕ್ರಮ ಉಳಿಯಬೇಕು. ಮಾರಾಟ ವಿಭಾಗದ ಕಡತದಿಂದ ಕಾರ್ಮಿಕ ಮುಷ್ಕರದ ಪತ್ರವೊಂದನ್ನು ಕಿತ್ತು ‘ಮುಷ್ಕರ’ ಎಂಬ ಪೆಟ್ಟಿಗೆಗೆ ಹಾಕಿದರೆ, ಸರಕು ಸಾಗದೆ ವ್ಯಾಪಾರಿಗಳು ಬರೆದ ಅಕ್ಕಪಕ್ಕದ ಪತ್ರಗಳ ಸಂಬಂಧ ಕಡಿದುಹೋಗುತ್ತದೆ. ಸಂಸ್ಥೆ, ವಿಭಾಗ, ಸರಣಿ, ಕಡತ ಎಂದು ಮೇಲಿನಿಂದ ಕೆಳಕ್ಕೆ ಸಂಖ್ಯೆ ಕೊಟ್ಟು ವಿವರಣೆ ಬರೆದರೆ, ವಿಷಯ ಹುಡುಕುವ ಕೆಲಸವನ್ನು ಸೂಚಿ ಮಾಡಿಕೊಡುತ್ತದೆ. ಇದಕ್ಕೆ ಆಟಮ್‌ನಂಥ ಉಚಿತ ತಂತ್ರಾಂಶವಿದೆ. ಸಣ್ಣ ಸಂಗ್ರಹಕ್ಕೆ ಎಕ್ಸೆಲ್ ಹಾಳೆಯೂ ಸಾಕು.

ಗೆದ್ದಲು, ತೇವ, ಗುಂಡುಪಿನ್ನು

ಕೊಠಡಿಯ ಉಷ್ಣತೆ 20ರಿಂದ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 45ರಿಂದ 55 ಇದ್ದರೆ ಕಾಗದಕ್ಕೆ ಹಿತ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತೇವ ಹೀರುವ ಯಂತ್ರ ಬೇಕಾಗುತ್ತದೆ. ಹಗಲು ಎಸಿ ಹಾಕಿ ರಾತ್ರಿ ಆರಿಸುವ ಪದ್ಧತಿಯಿಂದ ಹಾನಿಯೇ ಹೆಚ್ಚು. ಏರಿಳಿತದಲ್ಲಿ ಕಾಗದ ಹಿಗ್ಗಿ ಕುಗ್ಗಿ ಸೊರಗುತ್ತದೆ. ಯಂತ್ರ ಇಲ್ಲದಿದ್ದರೆ ಗಾಳಿ ಆಡುವ, ಸೋರದ, ನೇರ ಬಿಸಿಲು ಬೀಳದ ಕೋಣೆ ಆರಿಸಿ, ಫ್ಯಾನು ಓಡಿಸಿ. ಸ್ಟೀಲ್ ರ‍್ಯಾಕಿನ ಕೆಳಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ, ಗೋಡೆಗೆ ತಾಗದಿರಲಿ. ಗೆದ್ದಲು ಬರುವುದು ಅಲ್ಲಿಂದಲೇ. ಕೀಟನಾಶಕವನ್ನು ಕಟ್ಟಡಕ್ಕೆ ಹೊಡೆಸಬೇಕೇ ಹೊರತು ಕಾಗದದ ಮೇಲಲ್ಲ.

ತುಕ್ಕು ಹಿಡಿಯುವ ಗುಂಡುಪಿನ್ನು, ಸ್ಟೇಪಲ್, ಕರಗಿ ಅಂಟುವ ರಬ್ಬರ್‌ಬ್ಯಾಂಡುಗಳನ್ನು ತೆಗೆದು, ಹತ್ತಿಯ ಲಾಡಿಯಿಂದ ಕಟ್ಟಿ ಆಮ್ಲರಹಿತ ಪೆಟ್ಟಿಗೆಯಲ್ಲಿಡಿ. ಹರಿದದ್ದಕ್ಕೆ ಸೆಲೋಟೇಪು ಬೇಡ, ಪ್ಲಾಸ್ಟಿಕ್ ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಹಳೆಯ ಫ್ಯಾಕ್ಸು, ಎಟಿಎಂ ಚೀಟಿಯಂಥ ಥರ್ಮಲ್ ಕಾಗದದ ಅಕ್ಷರ ತಾನಾಗಿ ಮಾಸುವುದರಿಂದ ಕೂಡಲೇ ಪ್ರತಿ ಮಾಡಿಕೊಳ್ಳಿ. ಫಿಲ್ಮ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯತೊಡಗಿದೆ. ಉಳಿದ ಫಿಲ್ಮುಗಳಿಂದ ಬೇರ್ಪಡಿಸಿ, ಮೊದಲ ಸರದಿಯಲ್ಲಿ ಡಿಜಿಟಲ್ ಮಾಡಿಸಿ.

ಸ್ಕ್ಯಾನ್ ಮಾಡುವವರು ಮೂಲ ಪ್ರತಿಯನ್ನು ಟಿಫ್ ರೂಪದಲ್ಲೂ, ಓದುಗರಿಗೆ ಕೊಡುವುದನ್ನು ಪಿಡಿಎಫ್ ರೂಪದಲ್ಲೂ ಇಡುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ವಾಡಿಕೆಯ ಲೆಕ್ಕ. ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕಬಾರದು. ಇಂದಿನ ದಾಖಲೆಯ ಕಷ್ಟವೇ ಬೇರೆ. ಇಮೇಲು, ಟ್ಯಾಲಿ ಲೆಕ್ಕಗಳು ಕಂಪ್ಯೂಟರಿನಲ್ಲೇ ಹುಟ್ಟುತ್ತವೆ, ತಂತ್ರಾಂಶ ಬದಲಾದ ದಿನ ತೆರೆಯದಾಗುತ್ತವೆ. ಪ್ರತಿ ವರ್ಷದ ಕೊನೆಗೆ ಮುಖ್ಯ ವರದಿಗಳನ್ನು ಪಿಡಿಎಫ್-ಎ ರೂಪದಲ್ಲಿ ತೆಗೆದಿಡುವುದು ಸುಲಭದ ವಿಮೆ.

ಬಾಗಿಲು ತೆರೆಯುವುದು

ಉಳಿಸಿ ಬೀಗ ಹಾಕಿದರೆ ಅದು ಗೋದಾಮೇ. ಗುಟ್ಟು ಬಯಲಾಗುತ್ತದೆ ಎಂಬ ಭಯಕ್ಕೆ ಮದ್ದು ಕಾಲಮಿತಿ: ನಡಾವಳಿ ಇಷ್ಟು ವರ್ಷದ ಮೇಲೆ, ಸಿಬ್ಬಂದಿ ಕಡತ ಇನ್ನೂ ಇಷ್ಟು ವರ್ಷದ ಮೇಲೆ ಎಂದು ಮೊದಲೇ ಬರೆದು ಪ್ರಕಟಿಸಬೇಕು. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆ ಕೂಡ ಸಂಶೋಧನೆ ಮತ್ತು ಪತ್ರಾಗಾರದ ಉದ್ದೇಶಕ್ಕೆ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ. ಒಂದು ಅರ್ಜಿ ನಮೂನೆ, ಮೇಲ್ವಿಚಾರಣೆಯ ಒಂದು ಮೇಜು, ಪೆನ್ನಿನ ಬದಲು ಪೆನ್ಸಿಲ್ ಎಂಬ ನಿಯಮ, ಇಷ್ಟಿದ್ದರೆ ಓದುವ ಕೋಣೆ ಸಿದ್ಧ. ಬರೆದದ್ದು ಕಂಪನಿಗೆ ಮೆಚ್ಚುಗೆಯಾಗಬೇಕು ಎಂಬ ಷರತ್ತು ಮಾತ್ರ ಹಾಕಕೂಡದು. ಹಾಗೆ ಹಾಕಿದ ದಿನ ಪತ್ರಾಗಾರ ಪ್ರಚಾರ ವಿಭಾಗವಾಗುತ್ತದೆ.

ಭಾರತದಲ್ಲಿ ದಾರಿ ತೋರಿಸಿದವರಿದ್ದಾರೆ. ರಿಸರ್ವ್ ಬ್ಯಾಂಕಿನ ಪತ್ರಾಗಾರ 1981ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಟಾಟಾ ಸಮೂಹದ್ದು 1991ರದ್ದು, ಅದೂ ಈಗ ಪುಣೆಯಲ್ಲಿದೆ. ಗೋದ್ರೆಜ್ 2006ರಲ್ಲಿ ಮುಂಬಯಿಯ ವಿಕ್ರೋಲಿಯಲ್ಲಿ ಪತ್ರಾಗಾರ ತೆರೆಯಿತು. ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಅದೇ ವಿಕ್ರೋಲಿಯಲ್ಲಿ ಮತಪೆಟ್ಟಿಗೆಗಳು ತಯಾರಾಗಿದ್ದವು. ಒಂದು ಕಾರ್ಖಾನೆಯ ಆರ್ಡರಿನ ಕಥೆ ಪ್ರಜಾಪ್ರಭುತ್ವದ ಕಥೆಯಾಗಿ ಜನರನ್ನು ಸೆಳೆಯುತ್ತದೆ. ಪ್ರದರ್ಶನ, ಶಾಲಾ ಮಕ್ಕಳ ಭೇಟಿ, ನಿವೃತ್ತ ನೌಕರರ ದನಿಮುದ್ರಣ, ಎಲ್ಲಕ್ಕೂ ಬೇಕಾದದ್ದು ಕಂಪನಿಯ ಗೋಡೆ ದಾಟಿ ಹೋಗುವ ಇಂಥ ಒಂದು ಎಳೆ.

ಮಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಮೊದಲ ಮಹಾಯುದ್ಧದ ಪರಿಣಾಮವಾಗಿ ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿದವು. ಆದರೆ ಮಿಷನ್ನಿನ ಪತ್ರ, ಫೋಟೋಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನ ಮಾಡಿ, ವಿವರ ಬರೆದು, ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ಜೆಪ್ಪುವಿನ ಓದುಗರು ಮನೆಯಲ್ಲೇ ಕೂತು ಆ ಕಾಲದ ಕರಾವಳಿಯನ್ನು ನೋಡಬಹುದು.

ಸ್ವಂತ ಶಕ್ತಿ ಇಲ್ಲದಿದ್ದರೆ

ಸಣ್ಣ ಪ್ರೆಸ್ಸು, ಹೋಟೆಲು, ಮಂಡಿಗಳು ಪತ್ರಾಗಾರ ಕಟ್ಟಬೇಕಾಗಿಲ್ಲ. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಅಥವಾ ರಾಜ್ಯ ಪತ್ರಾಗಾರದ ಜತೆ ಮಾತಾಡಬಹುದು. ಕೊಡುವಾಗ ಒಪ್ಪಂದದಲ್ಲಿ ನಾಲ್ಕು ವಿಷಯ ಸ್ಪಷ್ಟವಿರಲಿ: ದಾನವೋ ಬರೀ ಠೇವಣಿಯೋ, ಹಕ್ಕುಸ್ವಾಮ್ಯ ಯಾರದು, ಎಷ್ಟು ವರ್ಷ ಮುಚ್ಚಿಡಬೇಕು, ಆ ಸಂಸ್ಥೆಯೇ ಮುಚ್ಚಿದರೆ ಕಾಗದ ಎಲ್ಲಿಗೆ ಹೋಗಬೇಕು. ಬ್ರಿಟನ್ನಿನ ಪ್ರವಾಸ ಕಂಪನಿ ಥಾಮಸ್ ಕುಕ್ 2019ರಲ್ಲಿ ಕುಸಿದಾಗ ಅದರ ಪತ್ರಾಗಾರ ಲೆಸ್ಟರ್‌ಷೈರಿನ ದಾಖಲೆ ಕಚೇರಿಗೆ ಸೇರಿತು. ಕಂಪನಿ ಮುಳುಗುವ ಹೊತ್ತಿನಲ್ಲೂ ಕಾಗದವನ್ನು ಬೇರೆ ದಡಕ್ಕೆ ಸೇರಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಣ, ಕಟ್ಟಡ, ತಜ್ಞರು ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಸಲ ರದ್ದಿ ಹಾಕುವ ಮುನ್ನ ಹೊರಹೋಗುವ ಕಟ್ಟುಗಳ ಪಟ್ಟಿ ಮಾಡಿ, ಕಂಪನಿಯಲ್ಲಿ ಎಲ್ಲರಿಗಿಂತ ಹಳಬರಾದ ಒಬ್ಬರಿಗೆ ತೋರಿಸಿ, ಸಹಿ ಪಡೆಯುವ ನಿಯಮ ಮಾಡಿದರೆ ಖರ್ಚು ಒಂದು ಹಾಳೆ ಕಾಗದ. ಆ ಹಾಳೆಯನ್ನೂ ಫೈಲಿಗೆ ಸೇರಿಸಿ.