ಆಸ್ಟಿಯೋಪೊರೋಸಿಸ್ (ಅಸ್ಥಿರಂಧ್ರತೆ)

ಆಸ್ಟಿಯೋಪೊರೋಸಿಸ್ ಅಥವಾ ಅಸ್ಥಿರಂಧ್ರತೆ ಎಂಬುದು ಮೂಳೆಗಳ ಸಾಂದ್ರತೆ ಕುಗ್ಗಿ, ಒಳರಚನೆ ಶಿಥಿಲಗೊಂಡು, ಅಲ್ಪ ಪೆಟ್ಟಿಗೂ ಮೂಳೆ ಮುರಿಯುವಂತಾಗುವ ರೋಗಸ್ಥಿತಿ. ಆಡುಮಾತಿನಲ್ಲಿ ಇದನ್ನು 'ಮೂಳೆ ಸವೆತ' ಎನ್ನುವುದುಂಟು. ಆದರೆ 'ಮಂಡಿ ಸವೆತ' ಎಂದು ಕರೆಯಲಾಗುವ ಕೀಲಿನ ರೋಗವೇ ಬೇರೆ. ಅದರಲ್ಲಿ ನೋವು ಮೊದಲೇ ಕಾಣಿಸಿಕೊಳ್ಳುತ್ತದೆ. ಅಸ್ಥಿರಂಧ್ರತೆಯಲ್ಲಿ ಮೂಳೆ ಮುರಿಯುವವರೆಗೆ ಸಾಮಾನ್ಯವಾಗಿ ಯಾವ ಸೂಚನೆಯೂ ಇರುವುದಿಲ್ಲ.

ಕಾರಣಗಳು

ಮೂಳೆ ಸಜೀವ ಅಂಗಾಂಶ. ಹಳೆಯ ಭಾಗ ಕರಗುತ್ತಾ ಹೊಸ ಭಾಗ ಕಟ್ಟಲ್ಪಡುವ ಕ್ರಿಯೆ ಜೀವನದುದ್ದಕ್ಕೂ ನಡೆಯುತ್ತದೆ. ಸುಮಾರು 30ನೆಯ ವಯಸ್ಸಿನ ಹೊತ್ತಿಗೆ ಮೂಳೆಯ ದ್ರವ್ಯರಾಶಿ ಗರಿಷ್ಠ ಮಟ್ಟ ತಲುಪಿ, ನಂತರ ಕ್ರಮೇಣ ಇಳಿಯುತ್ತದೆ. ಋತುಬಂಧದ ಬಳಿಕ ಈಸ್ಟ್ರೋಜೆನ್ ಕಡಿಮೆಯಾಗುವುದರಿಂದ ಸ್ತ್ರೀಯರಲ್ಲಿ ಈ ಇಳಿಕೆ ತೀವ್ರವಾಗಿರುತ್ತದೆ. ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಧೂಮಪಾನ, ಮದ್ಯಪಾನ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆ, ವ್ಯಾಯಾಮವಿಲ್ಲದ ಜೀವನ ಹಾಗೂ ಅನುವಂಶೀಯತೆ ಇತರ ಕಾರಣಗಳು. ಪುರುಷರಿಗೂ ಈ ರೋಗ ಬರುತ್ತದೆ.

ಲಕ್ಷಣಗಳು ಮತ್ತು ಪತ್ತೆ

ಮಣಿಕಟ್ಟು, ಬೆನ್ನೆಲುಬು ಮತ್ತು ಸೊಂಟದ ಭಾಗದ ಮೂಳೆಗಳು ಹೆಚ್ಚಾಗಿ ಮುರಿಯುತ್ತವೆ. ಬೆನ್ನೆಲುಬಿನ ಮಣಿಗಳು ಕುಸಿದಾಗ ಎತ್ತರ ಕಡಿಮೆಯಾಗುತ್ತದೆ, ಬೆನ್ನು ಬಾಗುತ್ತದೆ. ಇದನ್ನು 'ವಯಸ್ಸಾಯಿತು' ಎಂದು ಕಡೆಗಣಿಸುವುದು ವಾಡಿಕೆಯಾದರೂ ಹಲವು ಸಂದರ್ಭಗಳಲ್ಲಿ ಅದು ಚಿಕಿತ್ಸೆಗೆ ಅರ್ಹವಾದ ರೋಗದ ಗುರುತು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ, ಮುರಿತವನ್ನು ಸರಿಪಡಿಸುವುದರೊಂದಿಗೆ ಅಸ್ಥಿರಂಧ್ರತೆಯ ಪರೀಕ್ಷೆಯೂ ಅಗತ್ಯ.

ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆಯಿಂದ ಮೂಳೆಯ ಸಾಂದ್ರತೆಯನ್ನು ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಸ್ಥಿರಂಧ್ರತೆ. -1 ಮತ್ತು -2.5ರ ನಡುವೆ ಇದ್ದರೆ ಅದರ ಪೂರ್ವಸ್ಥಿತಿ.

ಆಹಾರ ಮತ್ತು ಸ್ಥಳೀಯ ಸಂದರ್ಭ

ದೇವರಾಯನದುರ್ಗದ ಸುತ್ತಲಿನ ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶದಲ್ಲಿ ರಾಗಿ ಪ್ರಧಾನ ಆಹಾರಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ, ಋತುಬಂಧವಾದ ಸ್ತ್ರೀಯರಿಗೆ 1200 ಮಿಲಿಗ್ರಾಂ ಬೇಕು. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಹೀರಿಕೆಗೆ ತಡೆಯೊಡ್ಡುತ್ತದೆ. ಮೊಳಕೆ ಕಟ್ಟುವುದರಿಂದಲೂ ಅಂಬಲಿಯಂತೆ ಹುಳಿಸುವುದರಿಂದಲೂ ಅದು ಕಡಿಮೆಯಾಗುತ್ತದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇತರ ಆಕರಗಳು. ವಿಟಮಿನ್ ಡಿ ಮುಖ್ಯವಾಗಿ ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾಗುತ್ತದೆ.

ಮೂಳೆಯ ಬುನಾದಿ ಬೀಳುವುದು ಬಾಲ್ಯದಲ್ಲಿ. ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಹಾಲು ವಿತರಿಸಲಾಗುತ್ತಿದ್ದು, 2024ರಲ್ಲಿ ಅದರೊಂದಿಗೆ ರಾಗಿ ಮಾಲ್ಟ್ ನೀಡುವುದೂ ಆರಂಭವಾಯಿತು. ಆದರೆ ಈಗಾಗಲೇ ದುರ್ಬಲಗೊಂಡ ಮೂಳೆಗೆ ರಾಗಿಯಾಗಲಿ ಹಾಲಾಗಲಿ ಔಷಧಿಗೆ ಬದಲಿಯಲ್ಲ.

ತುಮಕೂರು ಜಿಲ್ಲೆಯ ಉತ್ತರಭಾಗದ ಪಾವಗಡ ಮೊದಲಾದೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಅದರಿಂದ ಬರುವ ಮೂಳೆಯ ಫ್ಲೋರೋಸಿಸ್‌ನಲ್ಲಿ ಬೆನ್ನು ಬಿಗಿದು ಬಾಗುವುದುಂಟು. ಮೂಳೆ ಸಾಂದ್ರವಾಗಿ ಕಂಡರೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಅಲ್ಲಿನ ರೋಗಿಗಳಲ್ಲಿ ಕುಡಿಯುವ ನೀರಿನ ಮೂಲವನ್ನು ವಿಚಾರಿಸುವುದು ಮುಖ್ಯ.

ಚಿಕಿತ್ಸೆ

ಬಿಸ್ಫಾಸ್ಫೊನೇಟ್ ವರ್ಗದ ಔಷಧಿಗಳು ಮೂಳೆ ಕರಗುವುದನ್ನು ನಿಧಾನಗೊಳಿಸುತ್ತವೆ. ವಾರಕ್ಕೊಮ್ಮೆ ಸೇವಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ 30 ನಿಮಿಷ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾಗಬಹುದು, ಔಷಧಿಯೂ ಸರಿಯಾಗಿ ಹೀರಲ್ಪಡುವುದಿಲ್ಲ. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ನೀಡುವ ಜೊಲೆಡ್ರೊನಿಕ್ ಆಮ್ಲ, ಆರು ತಿಂಗಳಿಗೊಮ್ಮೆ ನೀಡುವ ಡೆನೊಸುಮ್ಯಾಬ್ ಮತ್ತು ಹೊಸ ಮೂಳೆ ಕಟ್ಟಲು ನೆರವಾಗುವ ಟೆರಿಪ್ಯಾರಟೈಡ್ ಇತರ ಔಷಧಿಗಳು. ಡೆನೊಸುಮ್ಯಾಬನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಿದರೆ ಮೂಳೆ ವೇಗವಾಗಿ ಸವೆದು ಬೆನ್ನೆಲುಬು ಮುರಿಯುವ ಅಪಾಯವಿದೆ.

ರೋಗದೊಂದಿಗೆ ಬದುಕು

ದೇಹದ ಭಾರ ಹೊರುವ ವ್ಯಾಯಾಮಗಳು ಮೂಳೆಗೆ ಹಿತ. ಆರೋಗ್ಯವಂತರಿಗೆ ನಡಿಗೆ, ದೇವರಾಯನದುರ್ಗದ ಯೋಗನರಸಿಂಹ ದೇವಾಲಯದ ಮೆಟ್ಟಿಲುಗಳಂತಹ ಏರು ಹತ್ತುವುದು ಒಳ್ಳೆಯ ಅಭ್ಯಾಸ. ಬೆನ್ನೆಲುಬು ಈಗಾಗಲೇ ಕುಸಿದವರು ಮುಂದಕ್ಕೆ ಬಾಗಿ ನೀರಿನ ಕೊಡ, ಧಾನ್ಯದ ಮೂಟೆ ಎತ್ತಬಾರದು; ವ್ಯಾಯಾಮವನ್ನು ವೈದ್ಯರನ್ನು ಕೇಳಿ ಆರಂಭಿಸಬೇಕು.

ವೃದ್ಧರಲ್ಲಿ ಸೊಂಟದ ಮುರಿತ ಅನೇಕ ವೇಳೆ ಸ್ವತಂತ್ರ ಓಡಾಟವನ್ನೇ ಕಸಿದುಕೊಳ್ಳುತ್ತದೆ. ಆದ್ದರಿಂದ ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ಬಚ್ಚಲುಮನೆಯ ನೆಲದ ಪಾಚಿ ತೆಗೆಯುವುದು, ಗೋಡೆಗೆ ಹಿಡಿಕೆ ಅಳವಡಿಸುವುದು, ಹೊಸ್ತಿಲ ಬಳಿ ರಾತ್ರಿ ದೀಪವಿರುವಂತೆ ನೋಡಿಕೊಳ್ಳುವುದು, ಕಣ್ಣಿನ ಪೊರೆಗೆ ಚಿಕಿತ್ಸೆ ಪಡೆಯುವುದು, ಊರುಗೋಲನ್ನು ಸಂಕೋಚವಿಲ್ಲದೆ ಬಳಸುವುದು ಇವುಗಳಲ್ಲಿ ಮುಖ್ಯವಾದವು. ಈ ರೋಗದ ಬಗ್ಗೆ ತಿಳಿವಳಿಕೆ ಮೂಡಿಸಲು ಪ್ರತಿ ವರ್ಷ ಅಕ್ಟೋಬರ್ 20ರಂದು ವಿಶ್ವ ಆಸ್ಟಿಯೋಪೊರೋಸಿಸ್ ದಿನವನ್ನು ಆಚರಿಸಲಾಗುತ್ತದೆ.