ಬೆಕ್ಕಿಗೆ ಕಟ್ಟಿದ ಹೆಸರು ನಂಬುವ ಮೊದಲು

ಎರಡು ವರ್ಷದ ಹಿಂದಿನ ಮಾತು. ಪೆರ್ನಾಲ್‌ಗೆ ಇನ್ನು ನಾಲ್ಕು ದಿನ ಇತ್ತು. ದಮ್ಮಾಮಿನಲ್ಲಿರುವ ಮಕ್ಕಳ ಮಾವ ರಜೆಯಲ್ಲಿ ಊರಿಗೆ ಬಂದಿದ್ದರು. "ಈ ಸಲ ನಮಗೆ ಬಟ್ಟೆ ಬೇಡ, ಪರ್ಷಿಯನ್ ಬೆಕ್ಕು ಬೇಕು" ಎಂದು ಮಕ್ಕಳು ಹಠ ಹಿಡಿದರು. ಯಾರೋ ಮೊಬೈಲಿಗೆ ಫೋಟೋ ಕಳಿಸಿದರು. ಅದರ ಕೆಳಗೆ ಬರೆದಿತ್ತು: 'ಟ್ರಿಪಲ್ ಕೋಟ್, ಸೆಮಿ ಪಂಚ್ ಫೇಸ್, ಬ್ಲೂ ಐಸ್, ಎರಡು ತಿಂಗಳು'. 14 ಸಾವಿರ ಹೇಳಿದ್ದನ್ನು ಚೌಕಾಸಿ ಮಾಡಿ 12 ಸಾವಿರಕ್ಕೆ ಇಳಿಸಿ, ಗೆದ್ದ ಖುಷಿಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿಯನ್ನು ಮನೆಗೆ ತಂದೆವು.

ಅಂಗೈಯಲ್ಲಿ ಕೂರುವಷ್ಟು ಇತ್ತು ಅದು. ಉಮ್ಮ ಅದನ್ನು ಎತ್ತಿ ನೋಡಿದವರೇ, "ಇದು ತಾಯಿಯ ಹಾಲು ಬಿಡದ ಮರಿ ಅಲ್ವಾ, ಎಂತಕ್ಕೆ ತಂದದ್ದು?" ಎಂದರು. ಕೊಳ್ಳುವಾಗ ನಮಗೆ ತೋಚದ ಪ್ರಶ್ನೆ ಅದು. ಮೂರನೇ ದಿನಕ್ಕೆ ಮರಿಗೆ ಭೇದಿ ಶುರುವಾಯಿತು, ತಲೆ ಎತ್ತದೆ ಮಲಗಿತು. ಪಶುವೈದ್ಯರು ಬಾಯಿ ತೆರೆದು ಹಲ್ಲು ನೋಡಿ, ತೂಕ ಹಾಕಿ, "ಎರಡು ತಿಂಗಳು ಎಲ್ಲಿ? ಐದು ವಾರ ಆಗಿದ್ದರೆ ಹೆಚ್ಚು" ಎಂದರು. ಪೆರ್ನಾಲ್ ದಿನವೂ ಮಕ್ಕಳು ಹೊಸ ಬಟ್ಟೆಯಲ್ಲಿ ಪೆಟ್ಟಿಗೆಯ ಮುಂದೆಯೇ ಕೂತಿದ್ದರು. ಹೇಗೋ ಅದು ಬದುಕಿತು. ಮಾರಿದವರಿಗೆ ಫೋನ್ ಮಾಡಿದರೆ, "ಕೊಡುವಾಗ ಸರಿ ಇತ್ತಲ್ಲ ಭಾಯ್" ಎಂಬ ಒಂದೇ ಉತ್ತರ.

ಆರು ತಿಂಗಳಲ್ಲಿ ಮರಿಯ ಮೂಗು ಉದ್ದವಾಯಿತು, ಕಿವಿ ಎತ್ತರವಾಯಿತು, ನೀಲಿ ಕಣ್ಣು ಹಳದಿಗೆ ತಿರುಗಿತು. ಲಸಿಕೆಯ ಪುಸ್ತಕದಲ್ಲಿ ತಳಿ ಎಂಬಲ್ಲಿ ಡಾಕ್ಟ್ರು 'ಡೊಮೆಸ್ಟಿಕ್ ಲಾಂಗ್ ಹೇರ್' ಎಂದು ಬರೆದರು. ಅಂದರೆ, ಉದ್ದ ಕೂದಲಿನ ಸಾಧಾರಣ ಬೆಕ್ಕು.

ನಾವು ವ್ಯಾಪಾರದ ಜನ. ಧಕ್ಕೆಯಲ್ಲಿ ಅಂಜಲ್ ಕೊಳ್ಳುವಾಗ ಕಿವಿರು ಎತ್ತಿ ಕೆಂಪು ನೋಡದೆ ದುಡ್ಡು ಕೊಡುವುದಿಲ್ಲ. ಬೆಕ್ಕಿನ ಮರಿ ಕೊಳ್ಳುವಾಗ ಮಾತ್ರ ಫೋಟೋ ನೋಡಿ ಹಣ ಕಳಿಸಿಬಿಡುತ್ತೇವೆ. ಹಾಗಾಗಿ ನಾವು ತಡವಾಗಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಬಣ್ಣ ಬೇರೆ, ತಳಿ ಬೇರೆ

ಕಂದು ಪಟ್ಟೆ ಇದ್ದರೆ ಟ್ಯಾಬಿ, ಮೂರು ಬಣ್ಣ ಇದ್ದರೆ ಕ್ಯಾಲಿಕೊ. ಇವು ಬಣ್ಣದ ಹೆಸರುಗಳು. ನಮ್ಮ ಬೀದಿಯ ಪುಚ್ಚೆಯಲ್ಲೂ ಇವೆಲ್ಲ ಉಂಟು. ತಳಿ ಎಂದರೆ ತಂದೆ, ತಾಯಿ, ಅಜ್ಜ, ಅಜ್ಜಿಯ ದಾಖಲೆ ಇಟ್ಟುಕೊಂಡು ತಲೆಮಾರುಗಳಿಂದ ಬೆಳೆಸಿದ ಬೆಕ್ಕು. ಈ ದಾಖಲೆ ಇಡುವ ಹಳೆಯ ಸಂಸ್ಥೆಗಳಲ್ಲಿ ಅಮೆರಿಕದ ಸಿಎಫ್‌ಎ 1906ರಲ್ಲಿ, ಬ್ರಿಟನ್ನಿನ ಜಿಸಿಸಿಎಫ್ 1910ರಲ್ಲಿ ಶುರುವಾದವು. ಲೋಕದ ಹೆಚ್ಚಿನ ಬೆಕ್ಕುಗಳಿಗೆ ಇಂಥ ಯಾವ ದಾಖಲೆಯೂ ಇಲ್ಲ, ಅವು ಯಾವ ತಳಿಗೂ ಸೇರಿದವಲ್ಲ.

ಉದ್ದ ಕೂದಲೂ ಪರ್ಷಿಯನ್‌ಗೆ ಮಾತ್ರ ಸೇರಿದ್ದಲ್ಲ. ಆ ಗುಣ ತಾಯಿ, ತಂದೆ ಇಬ್ಬರಲ್ಲೂ ಅಡಗಿದ್ದರೆ ಗಿಡ್ಡ ಕೂದಲಿನ ಜೋಡಿಗೂ ಉದ್ದ ಕೂದಲಿನ ಮರಿ ಹುಟ್ಟುತ್ತದೆ. ಹಾಗೆಯೇ ಮುಖ, ಕಿವಿ, ಕಾಲು, ಬಾಲ ಮಾತ್ರ ಕಪ್ಪಾಗಿದ್ದರೆ ಅದು ಸಯಾಮೀಸ್ ಆಗಲೇಬೇಕೆಂದಿಲ್ಲ. ದೇಹದ ತಂಪಾದ ಭಾಗದಲ್ಲಿ ಮಾತ್ರ ಬಣ್ಣ ಗಾಢವಾಗುವ ಆ ಗುಣ ಬೆರಕೆ ಬೆಕ್ಕುಗಳಲ್ಲೂ ಬರುತ್ತದೆ.

ಹಾಗಾದರೆ ಪರ್ಷಿಯನ್ ಹೇಗಿರುತ್ತದೆ? ದಪ್ಪ ದುಂಡು ತಲೆ, ಗಿಡ್ಡ ಮೂಗು, ದೂರ ದೂರ ಇರುವ ಸಣ್ಣ ಕಿವಿಗಳು, ಅವುಗಳ ತುದಿಯೂ ದುಂಡು. ದೊಡ್ಡ ಗುಂಡು ಕಣ್ಣು. ಗಿಡ್ಡ ದಪ್ಪ ಕಾಲು, ಗಿಡ್ಡ ಬಾಲ. ಉದ್ದ ಕಾಲು, ಚೂಪು ಕಿವಿ, ಬಾದಾಮಿ ಆಕಾರದ ಕಣ್ಣು ಇದ್ದರೆ ಎಷ್ಟೇ ಕೂದಲಿದ್ದರೂ ಸಂಶಯ ಪಡಿ. ಸಣ್ಣ ಮರಿಯಲ್ಲಿ ಇದು ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ತಾಯಿ ಬೆಕ್ಕನ್ನು ಕಣ್ಣಾರೆ ನೋಡಬೇಕು.

ಅಂಗಡಿಯ ಮಾತುಗಳು

'ಟ್ರಿಪಲ್ ಕೋಟ್': ಬೆಕ್ಕಿನ ಮೈಯಲ್ಲಿ ಹೊರಗಿನ ಗಟ್ಟಿ ಕೂದಲು, ನಡುವಿನ ಕೂದಲು, ಒಳಗಿನ ಮೆತ್ತನೆ ಕೂದಲು ಎಂದು ಮೂರು ಬಗೆ ಸಾಮಾನ್ಯವಾಗಿ ಇರುತ್ತದೆ. ಪರ್ಷಿಯನ್‌ನಲ್ಲಿ ಸಿಂಗಲ್, ಡಬಲ್, ಟ್ರಿಪಲ್ ಎಂಬ ದರ್ಜೆ ಆ ಸಂಸ್ಥೆಗಳಲ್ಲಿ ಇಲ್ಲ. ದರ ಏರಿಸಲು ಮಾತ್ರ ಈ ಮಾತು ಉಪಯೋಗಕ್ಕೆ ಬರುತ್ತದೆ.

'ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್': ಮೂಗು ಎಷ್ಟು ಗಿಡ್ಡ ಎಂದು ಹೇಳುವ ವ್ಯಾಪಾರದ ಮಾತುಗಳು ಇವು. ಇವು ಬೇರೆ ಬೇರೆ ತಳಿಗಳಲ್ಲ. ಮೂಗು ಒಳಗೆ ಹೋದಷ್ಟೂ ಬೆಲೆ ಹೆಚ್ಚು, ಆದರೆ ಉಸಿರಾಟದ ತೊಂದರೆ, ಕಣ್ಣಲ್ಲಿ ನೀರು ಸೋರುವುದೂ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ ಅಂಥ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡಲಾಗದು.

'ಬ್ಲೂ ಐಸ್': ಬೆಕ್ಕಿನ ಮರಿಗಳೆಲ್ಲ ಹುಟ್ಟುವಾಗ ನೀಲಿ ಕಣ್ಣಿನವೇ. ಆರು, ಏಳು ವಾರ ಆದ ಮೇಲೆ ನಿಜವಾದ ಬಣ್ಣ ಬರತೊಡಗುತ್ತದೆ. ನಮ್ಮ ಮರಿಯ ನೀಲಿ ಕಣ್ಣು ಅದರ ಎಳೆ ವಯಸ್ಸನ್ನೇ ಹೇಳುತ್ತಿತ್ತು, ನಾವು ಅದಕ್ಕೆ ದುಡ್ಡು ಕೊಟ್ಟೆವು. ಪೂರ್ತಿ ಬಿಳಿ ಬೆಕ್ಕಿಗೆ ನೀಲಿ ಕಣ್ಣು ಉಳಿದರೆ ಕಿವಿ ಕೇಳಿಸದಿರುವ ಸಾಧ್ಯತೆ ಹೆಚ್ಚು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ.

'ಟೀ ಕಪ್': ಇಂಥ ತಳಿ ಇಲ್ಲ. ಬೆಳವಣಿಗೆ ಕುಂಠಿತವಾದ ಮರಿಗೂ, ವಾರ ತುಂಬದ ಮರಿಗೂ ಇದೇ ಹೆಸರು ಕೊಡುತ್ತಾರೆ.

'ಬಾಂಬೆ ಕ್ಯಾಟ್': ಕರಿ ಬೆಕ್ಕನ್ನು ಈ ಹೆಸರಲ್ಲಿ ಮಾರುವುದುಂಟು. ನಿಜವಾದ ಬಾಂಬೆ ತಳಿ ಮುಂಬೈಯದ್ದಲ್ಲ, 1950ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಬರ್ಮೀಸ್ ಮತ್ತು ಅಮೆರಿಕನ್ ಶಾರ್ಟ್‌ಹೇರ್ ಬೆಕ್ಕುಗಳಿಂದ ಬೆಳೆಸಿದ್ದು.

'ಬೆಂಗಾಲ್': ಇದರ ಹೆಸರು ಬಂದದ್ದು ಚಿರತೆ ಬೆಕ್ಕಿನ ವೈಜ್ಞಾನಿಕ ಹೆಸರಿನಿಂದ. ಆ ಕಾಡುಬೆಕ್ಕು ನಮ್ಮ ಘಟ್ಟದ ಬದಿಯಲ್ಲೂ ಇದೆ. ತೋಟದಲ್ಲಿ ಸಿಕ್ಕಿದ ಚುಕ್ಕೆಯ ಮರಿಯನ್ನು 'ಬೆಂಗಾಲ್' ಎಂದು ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಇಟ್ಟುಕೊಂಡವರ ಮೇಲೂ ಕೇಸಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ.

ಲೇಬಲ್ ನಿಜವಾಗಿದ್ದರೂ

ಹೆಸರು ಸರಿಯಾಗಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಮಡಚಿದ ಕಿವಿಯ ಸ್ಕಾಟಿಷ್ ಫೋಲ್ಡ್ ಮುದ್ದಾಗಿ ಕಾಣುತ್ತದೆ. ಈ ತಳಿ 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲಮನೆಯಲ್ಲಿ ಸಿಕ್ಕಿದ ಬೆಕ್ಕಿನಿಂದ ಬಂತು. ಕಿವಿ ಮಡಚುವುದು ಮೃದ್ವಸ್ಥಿಯ ದೋಷದಿಂದ, ಅದೇ ದೋಷ ಕಾಲು ಮತ್ತು ಬಾಲದ ಮೂಳೆಗೂ ಇಳಿದು ಕೀಲುನೋವು ತರುತ್ತದೆ. ಬ್ರಿಟನ್ನಿನ ಜಿಸಿಸಿಎಫ್ ಈ ಕಾರಣಕ್ಕೇ ಇವುಗಳ ನೋಂದಣಿ ನಿಲ್ಲಿಸಿತು.

ಪರ್ಷಿಯನ್‌ನಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ರೋಗ ವಂಶದಿಂದ ಬರುತ್ತದೆ. ತಂದೆ, ತಾಯಿಯಲ್ಲಿ ಒಂದಕ್ಕಿದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದರ ಜೀನ್ ದೋಷವನ್ನು 2004ರಲ್ಲಿ ಪತ್ತೆ ಹಚ್ಚಿದರು, ಈಗ ಪರೀಕ್ಷೆ ಇದೆ. ಸ್ಕ್ಯಾನಿಂಗ್‌ನಲ್ಲೂ ಗುಳ್ಳೆ ಕಾಣುತ್ತದೆ. "ತಾಯಿಗೆ ಕಿಡ್ನಿ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿ ನೋಡಿ. ಮಾರುವವರು ಎಂಥವರು ಎಂಬುದು ಅವರು ಕೊಡುವ ಉತ್ತರದಲ್ಲಿ ಅರ್ಧ ಗೊತ್ತಾಗುತ್ತದೆ.

ದುಡ್ಡು ಕೊಡುವ ಮೊದಲು

ವಯಸ್ಸು ನೋಡಿ. ಎಂಟು ವಾರದ ಮರಿಗೆ 26 ಹಾಲು ಹಲ್ಲುಗಳೂ ಬಂದಿರುತ್ತವೆ, ತೂಕ ಸುಮಾರು 800ರಿಂದ 900 ಗ್ರಾಂ ಇರುತ್ತದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಅಂಗಡಿಯಲ್ಲಿ ಮಾರುವಂತಿಲ್ಲ, ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಯೂ ಬೇಕು.

ಕಾಗದ ನೋಡಿ. ಲಸಿಕೆಯ ಕಾರ್ಡ್ ತಳಿಯ ಪ್ರಮಾಣಪತ್ರ ಅಲ್ಲ. ವಂಶಾವಳಿ ಪತ್ರದಲ್ಲಿ ತಂದೆ, ತಾಯಿಯ ನೋಂದಣಿ ಸಂಖ್ಯೆ ಇರಬೇಕು. ಮೈಕ್ರೋಚಿಪ್ ಹಾಕಿದ್ದರೆ ಅದರ 15 ಅಂಕಿ ಕಾಗದದ ಅಂಕಿಗೆ ತಾಳೆಯಾಗಬೇಕು. ಕಾಗದ ಇಲ್ಲದಿದ್ದರೆ ಬೆಕ್ಕು ಕೆಟ್ಟದೆಂದಲ್ಲ, ಆದರೆ ತಳಿಯ ದರ ಕೊಡಲು ಕಾರಣ ಇಲ್ಲ.

ಮೈ ನೋಡಿ. ದುಂಡಗೆ ಕೂದಲು ಉದುರಿದ ಜಾಗ ಇದ್ದರೆ ಅದು ಹುಳುಕಡ್ಡಿ ಇರಬಹುದು, ಮಕ್ಕಳಿಗೂ ಅಂಟುತ್ತದೆ. ಸಾಧ್ಯವಾದರೆ ಕೊಳ್ಳುವ ದಿನವೇ ಪಶುವೈದ್ಯರಿಗೆ ತೋರಿಸುವ ಷರತ್ತಿನ ಮೇಲೆ ಹಣ ಕೊಡಿ.

ಇನ್ನೊಂದು ಮಾತು ನಮ್ಮವರಿಗೇ. ಮನೆಯಲ್ಲೇ ಮರಿ ಮಾಡಿಸಿ ಮಾರುವ ಹುಡುಗರು ನಮ್ಮಲ್ಲೂ ಇದ್ದಾರೆ. ದುಡಿಮೆ ತಪ್ಪಲ್ಲ. ಆದರೆ ಮಾಲಿನ ದೋಷ ಮುಚ್ಚಿಟ್ಟು ಮಾರಬಾರದೆಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಬಟ್ಟೆ ಅಂಗಡಿಗೆ ಇರುವ ಆ ಮಾತು ಬೆಕ್ಕಿನ ಮರಿಗೂ ಇದೆ. "ಬೆರಕೆ, ಆರು ವಾರ, ಇನ್ನೆರಡು ವಾರ ಬಿಟ್ಟು ಬನ್ನಿ" ಎಂದು ಹೇಳಿದರೆ ಗಿರಾಕಿ ಓಡಿ ಹೋಗುವುದಿಲ್ಲ.

ಸುಳ್ಳು ಲೇಬಲ್‌ನ ಕೊನೆಯ ಪೆಟ್ಟು ಬೀಳುವುದು ಬೆಕ್ಕಿಗೇ. ಮೂಗು ಉದ್ದವಾಯಿತು, ಕೂದಲು ಗಂಟುಗಟ್ಟಿತು, ಡಾಕ್ಟ್ರ ಬಿಲ್ ಏರಿತು ಎಂದಾಗ ಕೆಲವರು ಅದನ್ನು ರಾತ್ರಿ ಮೀನು ಮಾರ್ಕೆಟ್ ಬಳಿ ಬಿಟ್ಟು ಬರುತ್ತಾರೆ. ಮೈತುಂಬ ಜಡೆಗಟ್ಟಿದ ಅಂಥ ಒಂದು ಬೆಕ್ಕನ್ನು ನಾವು ಕಂಡಿದ್ದೇವೆ. ಮನೆಯೊಳಗೇ ಬೆಳೆದ ಅದಕ್ಕೆ ಬೀದಿಯ ಬೆಕ್ಕುಗಳ ನಡುವೆ ಒಂದು ಮೀನಿನ ತಲೆಯೂ ಸಿಗುತ್ತಿರಲಿಲ್ಲ.

ನಮ್ಮ ಮನೆಯ 'ಪರ್ಷಿಯನ್' ಈಗ ಉದ್ದ ಮೂಗಿನ, ಹಳದಿ ಕಣ್ಣಿನ ದೊಡ್ಡ ಬೆಕ್ಕು. ಮಳೆಗಾಲದಲ್ಲಿ ಕೂದಲು ಗಂಟು ಕಟ್ಟದಂತೆ ದಿನಾ ಬಾಚುವುದು ಮಕ್ಕಳ ಕೆಲಸ. ಬಂದವರು "ಇದು ಯಾವ ಬ್ರೀಡ್?" ಎಂದು ಕೇಳುತ್ತಾರೆ. "ನಮ್ಮ ಮನೆಯದ್ದು" ಎಂದು ಉಮ್ಮ ಹೇಳುತ್ತಾರೆ. ಬೆಳಿಗ್ಗೆ ಸುಬ್ಹಿಗೆ ಅವರು ಏಳುವಾಗ ಅದೂ ಎದ್ದು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತದೆ.